ವನ್ಸ್ ಮೋರ್ ಇಲ್ಲದ ದೃಶ್ಯ

ಸಿಟ್ಟು ಬಂದರೆ ನಮ್ಮ ಫಿಸಿಕ್ಸ್ ಮೇಷ್ಟ್ರ ಎಡಗಿವಿ ಮಾತ್ರ ಕೆಂಪಾಗುತ್ತಿತ್ತು. ಬಲಗಿವಿಗೆ ಆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಬಳ್ಳಾರಿಯ ಕಾಲೇಜಿಗೆ ನಾನು ಕೆಮಿಸ್ಟ್ರಿ ಕಲಿಸಲು ಸೇರಿದ ಹೊಸದರಲ್ಲಿ, ಅವರ ಎಡಕ್ಕೆ ಕೂತು ಕಿವಿ ನೋಡಿಕೊಂಡೇ ಮಾತಾಡಮ್ಮ ಎಂದು ಹಿರಿಯರು ಬುದ್ಧಿ ಹೇಳಿದ್ದರು. ಗೊತ್ತಿಲ್ಲದ್ದನ್ನು ಯಾರಾದರೂ ಗೊತ್ತೆಂದರೆ ಸಾಕು, "ಬಂಡಲ್ ಬಿಡಬ್ಯಾಡ್ರಿ, ಕೇಳಿ ತಿಳ್ಕಳ್ರಿ" ಎನ್ನುತ್ತಿದ್ದರು. ಅವರಿಗೆ ಮದುವೆಯಾಗಿರಲಿಲ್ಲ. ಕಂಟೋನ್ಮೆಂಟಿನ ಬಾಡಿಗೆ ಮನೆ, ಬೆಳಿಗ್ಗೆ ಹೋಟೆಲಿನ ಮಂಡಕ್ಕಿ ಒಗ್ಗರಣೆ, ಮಿರ್ಚಿ.

ಆ ಮನೆಯಲ್ಲಿ ಮೊದಲು ಇಬ್ಬರಿದ್ದರಂತೆ. ದೇಶನೂರಿನ ಗೆಳೆಯರೊಬ್ಬರು ಇವರ ಜೊತೆ ಓದಿ, ಒಂದೇ ತಾಟಿನಲ್ಲಿ ಉಂಡು, ಮುಂದೆ ಮುಂಬಯಿಗೆ ಅಣುಸಂಶೋಧನೆಯ ಕೆಲಸಕ್ಕೆ ಹೋದರು. ಎಪ್ಪತ್ನಾಲ್ಕರಲ್ಲಿ ರಾಜಸ್ಥಾನದ ಮರುಭೂಮಿಯಲ್ಲಿ ನಮ್ಮವರು ಅಣುಸ್ಫೋಟ ಮಾಡಿದಾಗ ಊರು ಪೇಡೆ ಹಂಚಿತು. ಮೇಷ್ಟ್ರು ಗೆಳೆಯನ ಜೊತೆ ಮಾತು ಬಿಟ್ಟರು. ಅದರಲ್ಲಿ ಅವನ ಕೈಯಿತ್ತೋ ಇಲ್ಲವೋ ಎಂದು ಕೇಳಲೂ ಇಲ್ಲ. ಕೂತು ನಾಟಕ ಬರೆದರು.

ಮಹಾಯುದ್ಧದ ಕಾಲ, ಯಾವುದೋ ದೇಶದ ಇಬ್ಬರು ಭೌತವಿಜ್ಞಾನಿಗಳು, ಜೀವದ ಗೆಳೆಯರು. ಒಬ್ಬ ಬಾಂಬಿನ ಕೆಲಸಕ್ಕೆ ಸೇರುತ್ತಾನೆ. ಇನ್ನೊಬ್ಬ ಅವನ ಮನೆಗೆ ಬಂದು, ಅಲ್ಲಿ ಏನು ಮಾಡುತ್ತಿದ್ದೀಯ ಎಂದು ಕೇಳುತ್ತಾನೆ. ಉತ್ತರವಿಲ್ಲ. ಕೇಳಿದವನು ಎದ್ದು ಹೋಗುತ್ತಾನೆ, ಪರದೆ ಬೀಳುತ್ತದೆ. ಕೇಳುವ ಪಾತ್ರ ಮೇಷ್ಟ್ರದು. ತುಟಿ ಬಿಚ್ಚದವನ ಪಾತ್ರ ಗಣಿತದ ಅಧ್ಯಾಪಕರದು, ಅವನ ಹೆಂಡತಿ ನಾನು. ನನ್ನ ಕೆಲಸ ಚಹಾ ತಂದಿಡುವುದು.

ಮೊದಲು ಸಿರುಗುಪ್ಪದಲ್ಲಿ ಆಡಿದೆವು. ಕಂಪನಿ ನಾಟಕ ನೋಡಿ ಬೆಳೆದ ಊರು. ಮೆಚ್ಚಿಗೆಯಾದರೆ ಸತ್ತ ಪಾತ್ರವನ್ನೂ ಎಬ್ಬಿಸಿ ಮತ್ತೊಮ್ಮೆ ಸಾಯಿಸುವ ಜನ. ಮೇಷ್ಟ್ರು ಎದ್ದು ಹೋದದ್ದೇ ತಡ, "ವನ್ಸ್ ಮೋರ್!" ಎಂದು ಕೂಗೆದ್ದಿತು. ಮೇಷ್ಟ್ರು ಸರಸರ ಮರಳಿ ಬಂದು, "ಇದಕ್ಕ ವನ್ಸ್ ಮೋರ್ ಇಲ್ರಿ. ಹೋದಾತ ಹೋದ, ಅಷ್ಟ" ಎಂದರು. ಅದಕ್ಕೂ ಚಪ್ಪಾಳೆ ಬಿತ್ತು.

ಒಳಗೆ ಬಣ್ಣ ಒರೆಸಿಕೊಳ್ಳುತ್ತಿರುವಾಗ ಸಫಾರಿ ತೊಟ್ಟವರೊಬ್ಬರು ಬಂದರು. ರಜೆಗೆಂದು ಪಕ್ಕದ ದೇಶನೂರಿಗೆ ಬಂದಿದ್ದ, ಮುಂಬಯಿಯ ಆ ಗೆಳೆಯರು.

"ನನ್ ಪಾರ್ಟು ಛಲೋ ಬರದೀಯಲೇ, ಒಂದ್ ಮಾತೂ ಇಟ್ಟಿಲ್ಲ. ಸ್ಟೇಜಿನ ಮ್ಯಾಲೆ ಕೇಳಿದಿ. ಮನಿಗೆ ಬಂದು ಕೇಳಿದೇನು?"

ಮೇಷ್ಟ್ರು ಬಾಯಿ ತೆರೆಯುವುದರೊಳಗೆ ಅವರು ಹೊರಟುಹೋದರು. ನಾನು ಅಭ್ಯಾಸಬಲದಿಂದ ಕಿವಿ ನೋಡಿದೆ. ಅವತ್ತು ಎರಡೂ ಕೆಂಪಾಗಿದ್ದವು.

ಮುಂದಿನ ವಾರ ಕುರುಗೋಡು. ಅದೇ ದೃಶ್ಯ, ಅದೇ ಕೂಗು. ಮೇಷ್ಟ್ರು ಮರಳಿ ಬಂದವರು ಸುಮ್ಮನೆ ಕುರ್ಚಿಯಲ್ಲಿ ಕೂತರು. "ಕೇಳಾಕ ಬಂದೀನಿ. ಹೇಳಪಾ," ಎಂದರು. ನಾಟಕದಲ್ಲಿ ಈ ಮಾತಿರಲಿಲ್ಲ. ಗಣಿತದವರು ಕಣ್ಣುಕಣ್ಣು ಬಿಟ್ಟರು. ನನಗೆ ಏನೂ ತೋಚದೆ ಇನ್ನೊಂದು ಕಪ್ ಚಹಾ ತಂದಿಟ್ಟೆ. ಅದನ್ನವರು ನಿಧಾನವಾಗಿ ಕುಡಿದರು. ಅಲ್ಲಿಯವರೆಗೆ ಗೌರವವಷ್ಟೇ ಇದ್ದ ಆ ಮನುಷ್ಯನ ಮೇಲೆ ನನಗೆ ಆಗ ಅಕ್ಕರೆ ಹುಟ್ಟಿತು. ಪರದೆಯವನು ಕಾದು ಕಾದು ಹಗ್ಗ ಬಿಟ್ಟ.

ಮರುದಿನವೇ ಮೇಷ್ಟ್ರು, ರಜೆ ಮುಗಿಸಿ ಹೋಗಿದ್ದ ಗೆಳೆಯರ ಬೆನ್ನಿಗೆ ಮುಂಬಯಿಯ ರೈಲು ಹತ್ತಿದರು. ಮರಳಿದ ಮೇಲೆ, ಗೆಳೆಯರು ಏನು ಹೇಳಿದರು ಎಂದು ಕೇಳಿದೆ.

"ಏನ್ ಹೇಳ್ತಾನ? ಹೇಳಂಗಿಲ್ಲಂತ, ಸರಕಾರಕ್ಕ ಮಾತು ಕೊಟ್ಟಾನಂತ. ಇರ್ಲಿ ಬಿಡ್ರಿ. ಒಂದ ತಾಟಿನಾಗ ಉಂಡು ಬಂದೆ."

ಆಮೇಲೆ ರಜೆ ಬಂದಾಗಲೆಲ್ಲ ಗೆಳೆಯರು ಕಂಟೋನ್ಮೆಂಟಿಗೆ ಬರುತ್ತಿದ್ದರು. ಆ ಪ್ರಶ್ನೆಯನ್ನು ಮೇಷ್ಟ್ರು ಮತ್ತೆ ಎತ್ತಲಿಲ್ಲ. ನಾಟಕವನ್ನೂ ಎತ್ತಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ಮೇಷ್ಟ್ರು ಎದೆನೋವಿನಿಂದ ತೀರಿಕೊಂಡರು. ಅವರ ಮನೆತನದ ಪದ್ಧತಿಯಂತೆ ದೇಹವನ್ನು ಪಡಸಾಲೆಯಲ್ಲಿ ಹೂವಿನ ನಡುವೆ ಕೂರಿಸಿದ್ದರು. ಮುಂಬಯಿಯಿಂದ ಬಂದ ಗೆಳೆಯರು ಬೂಟು ಬಿಚ್ಚಿ, ನಾವೆಲ್ಲ ಕೂರುತ್ತಿದ್ದ ಎಡಬದಿಯಲ್ಲೇ ಕೂತರು. ಆ ಕಿವಿಗೆ ಬಾಯಿ ಹಚ್ಚಿ, "ಕೇಳಿದ್ಯಲ್ಲಲೇ, ಹೇಳ್ತೀನಿ, ಕೇಳು" ಎಂದರು.

ಅಲ್ಲಿದ್ದವರೆಲ್ಲ ಮೆಲ್ಲಗೆ ಎದ್ದರು. ನಾನು ಅಡಿಗೆಮನೆಯಿಂದ ಒಂದು ಕಪ್ ಚಹಾ ತಂದು ಅವರ ಪಕ್ಕ ಇಟ್ಟೆ, ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದೆ.