ಕುದುರೆ ಅತ್ತೆ ಗಂಡು ನೋಡಲು ಹೋದದ್ದು

"ಕುದುರೆ ಅಂದ್ರೆ ನನಗೆ ಕಣ್ಣೂ ಬೇಕಿಲ್ಲ. ರಸ್ತೆಯ ಆ ತುದೀಲಿ ಅದು ಉಸಿರು ಬಿಟ್ರೆ ಸಾಕು, ಈ ತುದೀಲಿ ಕೂತು ಬೆಲೆ ಕಟ್ತೀನಿ!"

ಕುದುರೆ ಅತ್ತೆ ಇದನ್ನು ಬೇಕರಿಯವನಿಗೆ ಹೇಳಿದ್ದಳು, ಹಾಲಿನವನಿಗೆ ಹೇಳಿದ್ದಳು, ವಿಳಾಸ ಕೇಳಲು ನಿಂತ ಅಪರಿಚಿತರನ್ನೂ ಬಿಟ್ಟಿರಲಿಲ್ಲ. ಸ್ವಂತಕ್ಕೆ ಇದ್ದದ್ದು ಒಬ್ಬಳೇ ಸೊಸೆಯಾದರೂ ಆಕೆ ಇಡೀ ಬೀದಿಗೆ ಅತ್ತೆ. ದನಿ ಎಂಥದ್ದೆಂದರೆ, ಲಾಯದಲ್ಲಿ ನಿಂತು "ಹೋಯ್" ಎಂದರೆ ಮೂರು ಬೀದಿ ಆಚೆ ಬಸ್ಸು ಬ್ರೇಕು ಹಾಕುತ್ತಿತ್ತು.

ಲಾಯ ಇದ್ದದ್ದು ಬೇಕರಿಯ ಹಿಂದೆ. ಅದರಲ್ಲಿ ನಾಲ್ಕು ಹೆಣ್ಣು ಕುದುರೆಗಳು, ಅವುಗಳ ಮೇಲೆ ಸವಾರಿ ಕಲಿಯಲು ರಜೆಯ ದಿನ ಬರುವ ಒಂದು ಹಿಂಡು ಮಕ್ಕಳು. ಗಂಡ ತೀರಿಕೊಂಡ ಮೇಲೆ ಅತ್ತೆ ಸೊಸೆ ಇಬ್ಬರೇ ಅದನ್ನು ನಡೆಸುತ್ತಿದ್ದರು. ಮಗ ದೂರದ ಊರುಗಳಿಗೆ ಲಾರಿ ಓಡಿಸುತ್ತ, ಆಗೊಮ್ಮೆ ಈಗೊಮ್ಮೆ ಮುಖ ತೋರಿಸುತ್ತಿದ್ದ. ಕುದುರೆಗಳಲ್ಲಿ ಎರಡಕ್ಕೆ ವಯಸ್ಸಾಗಿತ್ತು. ಹಿರಿಯದಂತೂ ಅಂಗಳಕ್ಕೆ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಬೆನ್ನ ಮೇಲಿನ ಮಗು ಒಂದು ಕ್ಲಾಸು ಪಾಸಾಗಿರುತ್ತಿತ್ತು. ಉಳಿದೆರಡು ಮರಿ ಹಾಕದಿದ್ದರೆ ಲಾಯಕ್ಕೆ ಬೀಗ ಬೀಳುವುದು ಖಂಡಿತ. ಬಾಡಿಗೆಗೆ ತಂದ ಗಂಡು ಕುದುರೆಗಳಿಂದ ಏನೂ ಗಿಟ್ಟಿರಲಿಲ್ಲ. ಸ್ವಂತದ್ದೊಂದು ಬೀಜದ ಕುದುರೆ ತರೋಣವೆಂದರೆ, ಕೈಯಲ್ಲಿದ್ದದ್ದು ಲಾಯದ ಸೂರು ಬದಲಿಸಲು ಕೂಡಿಟ್ಟ ದುಡ್ಡು ಮಾತ್ರ. ಆ ಸೂರಿನ ಕತೆ ಏನು ಹೇಳಲಿ? ಹೊರಗೆ ಮಳೆ ನಿಂತ ಮೇಲೂ ಒಳಗೆ ಒಂದು ವಾರ ಸುರಿಯುತ್ತಿತ್ತು.

"ಮರೀನೇ ಇಲ್ಲದಿದ್ರೆ ಸೂರು ಯಾರಿಗೇ?" ಎಂದಳು ಅತ್ತೆ.

"ಸೂರಿಲ್ಲದೆ ಮರಿ ಹುಟ್ಟಿದ್ರೆ ಮೊದಲು ಈಜು ಕಲಿಸ್ಬೇಕಾಗುತ್ತೆ, ಅತ್ತೆ."

"ನಿನಗೇನು ಗೊತ್ತು! ಆ ಫಾರಂ ಸಾಹುಕಾರ ಮಾರೋಕಿಟ್ಟಿರೋ ಗಂಡು ಕುದುರೆಯ ಮರಿಗಳಿಗೆ ಹುಟ್ಟೋಕೆ ಮುಂಚೇನೇ ಮುಂಗಡ ಕೊಡ್ತಾರಂತೆ. ಒಂದು ಮಾರಿದ್ರೆ ಸೂರು. ಇನ್ನೊಂದು ಮಾರಿದ್ರೆ ಮೇಲೊಂದು ಮಹಡಿ!"

ಸೊಸೆ ವ್ಯಾನಿನ ಕೀಲಿ ತೆಗೆದುಕೊಂಡಳು. ಅತ್ತೆ ದುಡ್ಡಿನ ಚೀಲವನ್ನು ಕಂಕುಳಲ್ಲಿ ಅವುಚಿಕೊಂಡು ಪಕ್ಕದಲ್ಲಿ ಕೂತಳು.

ಸಾಹುಕಾರನ ಕುದುರೆ ಫಾರಂ ತಲುಪಿದಾಗ ಬೇಲಿಯ ಬಳಿ ಒಂದು ಕಂದು ಬಣ್ಣದ ಗಂಡು ಕುದುರೆ ನಿಂತಿತ್ತು. ಬೇಲಿಯಾಚೆ ಕಿವಿ ಹಿಂದಕ್ಕೆ ಮಡಚಿ ಸಿಡುಕುತ್ತಿದ್ದ ಹೆಣ್ಣು ಕುದುರೆಯ ಹತ್ತಿರ ಮೂತಿ ಚಾಚಿ ಮೆಲ್ಲಗೆ ಕೆನೆಯುತ್ತಿತ್ತು. ಆಕೆ ಒದ್ದಳು, ಅವನು ಒಂದು ಹೆಜ್ಜೆ ಹಿಂದೆ ಸರಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾತಾಡಿಸಿದ. ಕ್ರಮೇಣ ಆಕೆಯ ಕಿವಿ ಮುಂದಕ್ಕೆ ಬಂತು.

"ಇದೇ ಕಣೇ!" ಅತ್ತೆ ಬಸ್ಸು ನಿಲ್ಲಿಸುವ ದನಿಯಲ್ಲಿ ಕೂಗಿದಳು. "ಆ ಕತ್ತು ನೋಡು, ಆ ಗತ್ತು ನೋಡು! ಅರಮನೆ ರಕ್ತ! ಸಾಹುಕಾರ್ರೇ, ನೀವು ಹೇಳಿದ ಬೆಲೆ ಕಮ್ಮೀನೇ ಆಯ್ತು ಬಿಡಿ!"

ಸೊಸೆ ಆಕೆಯ ಕಾಲು ತುಳಿದಳು. ಅಷ್ಟರಲ್ಲಿ ಸಾಹುಕಾರ ಬೇಲಿ ಹಿಡಿದುಕೊಂಡು ನಗತೊಡಗಿದ್ದ.

"ಅಮ್ಮಾ, ಅವನಲ್ಲಮ್ಮ! ಹೆಣ್ಣಿಗೆ ಮನಸ್ಸಿದೆಯೋ ಇಲ್ವೋ ಅಂತ ವಿಚಾರಿಸೋಕೆ ಇಟ್ಟಿರೋ ಬಡಪಾಯಿ ಅವನು. ಒದೆ ಬಿದ್ರೆ ಅವನಿಗೆ ಬೀಳ್ಲಿ ಅಂತ. ಆಕೆ ಒಪ್ಪಿದ ತಕ್ಷಣ ಅವನನ್ನ ಆಚೆ ಕಟ್ತೀವಿ, ನಿಜವಾದವನು ಆಮೇಲೆ ಬರ್ತಾನೆ."

ನಿಜವಾದವನು ಬಂದ. ಎರಡು ಹಗ್ಗ, ಹಗ್ಗಕ್ಕೊಬ್ಬ ಗಟ್ಟಿ ಆಳು. ಕರಿ ಮೈ ಎಷ್ಟು ಮಿರಮಿರ ಮಿಂಚುತ್ತಿತ್ತೆಂದರೆ ಅದರಲ್ಲಿ ನೋಡಿಕೊಂಡು ತಲೆ ಬಾಚಬಹುದಿತ್ತು. ಒಮ್ಮೆ ಬುಸ್ಸೆಂದದ್ದಕ್ಕೆ ಸಾಹುಕಾರನ ಟೋಪಿ ಹಾರಿಹೋಯಿತು. ಅತ್ತೆಯ ಕೈ ಚೀಲಕ್ಕೆ ಹೋಯಿತು. ಕುದುರೆಯ ಮೇಲಿನ ಆಸೆಗಿಂತ ಹೆಚ್ಚಾಗಿ, ಮಾನ ಕಳೆದುಕೊಂಡ ಜಾಗದಲ್ಲೇ ದುಡ್ಡು ಸುರಿದು ಮಾನ ವಾಪಸು ಪಡೆಯುವ ಹಟ ಅದು.

"ಅತ್ತೆ," ಸೊಸೆ ಪಿಸುಗುಟ್ಟಿದಳು, "ಇವನನ್ನ ಹಿಡಿಯೋಕೆ ಇಲ್ಲಿ ಇಬ್ಬರು ಪೈಲ್ವಾನರು. ನಮ್ಮಲ್ಲಿರೋದು ನೀವು, ನಾನು. ಒಂದು ಹಗ್ಗ ನಾನು ಹಿಡೀತೀನಿ. ಇನ್ನೊಂದು ಹಿಡಿದು ನೀವು ಹಾರಾಡೋದನ್ನ ಬೀದಿಯವರು ಟಿಕೆಟ್ ತಗೊಂಡು ನೋಡ್ತಾರೆ."

ಅತ್ತೆ ಚೀಲ ಬಿಚ್ಚಲಿಲ್ಲ, ಕೆಳಗೂ ಇಡಲಿಲ್ಲ. "ಮರಿಗಳನ್ನ ತೋರ್ಸಿ," ಎಂದಳು.

ಹಿಂದಿನ ಅಂಗಳದಲ್ಲಿದ್ದ ಕರಿಯನ ಮರಿಗಳು ಮೂರೂ ಚಿತ್ರ ಬರೆದಂತಿದ್ದವು. ಅವರನ್ನು ಕಂಡದ್ದೇ ಒಂದು ಮರಿ ಬಕೆಟ್ಟಿಗೆ ಝಾಡಿಸಿತು. ಬಕೆಟ್ಟು ಮೇಲೆ ಹೋದದ್ದನ್ನು ಎಲ್ಲರೂ ನೋಡಿದರು, ಕೆಳಗೆ ಬಂದದ್ದನ್ನು ಯಾರೂ ನೋಡಲಿಲ್ಲ. ಅದರ ಬೆನ್ನ ಮೇಲೆ ಬೇಕರಿಯವನ ಪುಟ್ಟ ಮಗಳನ್ನು ಕೂರಿಸಿದಂತೆ ಕಲ್ಪಿಸಿಕೊಂಡ ಅತ್ತೆ ಚೀಲವನ್ನು ಮತ್ತೆ ಕಂಕುಳಿಗೆ ಸೇರಿಸಿದಳು.

ಮೂಲೆಯಲ್ಲಿ ನಾಲ್ಕನೆಯ ಮರಿಯೊಂದಿತ್ತು. ಕಂದು ಬಣ್ಣ, ಡೊಳ್ಳು ಹೊಟ್ಟೆ, ಸೌಟಿನಂಥ ಕಿವಿ. ಅದು ನಡೆದು ಬಂದು ಸೊಸೆಯ ಜೇಬಿಗೆ ಮೂತಿ ತುರುಕಿತು. ಅವಳು ಬಗ್ಗಿ ಅದರ ಕಾಲು ಎತ್ತಹೋದರೆ, ಅಂಗಡಿಯವನು ಪೊಟ್ಟಣ ಕೊಟ್ಟ ಹಾಗೆ ಗೊರಸನ್ನು ಅವಳ ಕೈಗೇ ಕೊಟ್ಟಿತು.

"ಇದು ಯಾರ ಮರಿ?"

ಸಾಹುಕಾರ ಆಕಾಶ ನೋಡಿದ. ಹಗ್ಗದ ಆಳು ನಗು ತಡೆಯಲಾರದೆ, "ವಿಚಾರಿಸೋನು ಒಂದ್ಸಲ ಬೇಲಿ ಹಾರ್ಬಿಟ್ಟಿದ್ದ ಅಮ್ಮ," ಎಂದ.

ಅತ್ತೆ ಬೇಲಿಗೆ ಒರಗಿ ಲೆಕ್ಕ ಹಾಕಿದಳು. ಈ ಕಂದು ಮರಿಗೆ ಮುಂಗಡ ಕೊಡುವ ಪುಣ್ಯಾತ್ಮ ಎಲ್ಲೂ ಇಲ್ಲ. ಮಹಡಿ ಹೋಯಿತು. ಆದರೆ ಇಂಥವು ಎರಡು ಲಾಯದಲ್ಲಿ ಬೆಳೆದರೆ ಮಕ್ಕಳು ಇನ್ನೂ ಎಷ್ಟೋ ವರ್ಷ ಬರುತ್ತಾರೆ.

"ಆ ಬಡಪಾಯಿಗೆ ಎಷ್ಟು?"

"ಅಯ್ಯೋ, ರಾಜನನ್ನ ಬಿಟ್ಟು ಆಳನ್ನ ಕೇಳ್ತೀರಲ್ಲಮ್ಮ! ಅವನ ಮರಿಗಳನ್ನ ಯಾರು ಕೊಂಡ್ಕೋತಾರೆ?"

"ಕೊಂಡ್ಕೊಳ್ಳೋದು ಬೇಡ. ಮಕ್ಕಳು ಹತ್ತಿ ಕೂತ್ರೆ ಸಾಕು."

ಚೌಕಾಸಿ ಶುರುವಾಯಿತು. ಸಾಹುಕಾರ ಬೆವೆತ, ಅತ್ತೆ ನೀರು ಕುಡಿದಳು, ಸೊಸೆ ಎರಡು ಸಲ ವ್ಯಾನ್ ಸ್ಟಾರ್ಟ್ ಮಾಡಿ ಹೊರಟೇಬಿಟ್ಟಂತೆ ನಟಿಸಿದಳು. ಒದೆ ತಿನ್ನಲು ಇನ್ನೊಬ್ಬ ಸಿಗುತ್ತಾನೆ ಬಿಡು ಎಂದು ಕೊನೆಗೆ ಸಾಹುಕಾರ ಒಪ್ಪಿದ. ಚೀಲದಲ್ಲಿ ಸೂರಿನ ಬಹುಪಾಲು ಹಾಗೇ ಉಳಿಯಿತು.

ಕಂದು ಕುದುರೆ ಯಾರೂ ಎಳೆಯದೆ ಹಲಗೆ ಹತ್ತಿ ವ್ಯಾನಿನೊಳಗೆ ನಿಂತಿತು. ಸೊಸೆ ಅದರ ಕತ್ತು ತಟ್ಟಿ ಚಿಲಕ ಹಾಕಿದಳು. ಸಾಹುಕಾರನಿಗೆ ಮಾತ್ರ ಬಾಯಿ ಕಡಿಯುತ್ತಲೇ ಇತ್ತು.

"ಒಂದು ಮಾತು ಅಮ್ಮಾ. ಇಷ್ಟು ವರ್ಷ ಅವನು ಬೇಲಿ ಹತ್ರ ನಿಂತು ಬರೀ ಮಾತಾಡಿಸಿದ್ದೇ ಆಯ್ತು. ಆ ಒಂದು ಸಲ ಬಿಟ್ರೆ ಅನುಭವ ಇಲ್ಲ. ನಾಳೆ ಕೆಲಸ ಆಗ್ಲಿಲ್ಲ ಅಂತ ನನ್ನ ಬಾಗಿಲಿಗೆ ಬರ್ಬೇಡಿ!"

ಅತ್ತೆ ವ್ಯಾನಿನ ಕಿಟಕಿಯಿಂದ ತಲೆ ಹೊರಹಾಕಿದಳು.

"ಹೆಣ್ಣನ್ನ ಮಾತಾಡಿಸೋದು ಕಲಿತಿದ್ದಾನಲ್ಲ ಸಾಹುಕಾರ್ರೇ, ಗಂಡಸರಿಗೆ ಕಷ್ಟ ಅದೊಂದೇ. ಉಳಿದದ್ದು ಹೇಳಿಕೊಡದೆ ಬರುತ್ತೆ."