ಅಣ್ಣನ ಸಾಫ್ಟ್‌ವೇರಿಗೆ ಊರಿನ ಸಾಕ್ಷಿ

ಕುಬಿಹಾಳದ ಮನೆಯಲ್ಲಿ ಅಣ್ಣನೂ ನಾನೂ ಹಾಲಿನ ಡೇರಿಗಳಿಗಾಗಿ ಒಂದು ಪುಟ್ಟ ಯಂತ್ರ ಮಾಡುತ್ತಿದ್ದೆವು. ಯಾರ ಹಾಲು ಎಷ್ಟು, ಫ್ಯಾಟ್ ಎಷ್ಟು ಎಂಬುದನ್ನು ಅದು ಒಳಗಿನ ಫ್ಲಾಶ್ ಚಿಪ್ಪಿನಲ್ಲಿ ಬರೆದಿಡಬೇಕು. ಕರೆಂಟು ಹೋದರೂ ಅಳಿಸಿಹೋಗಬಾರದು. ಸೋಲ್ಡರಿಂಗ್ ನನ್ನದು, ಸಾಫ್ಟ್‌ವೇರ್ ಅವನದು. ಚಿಪ್ಪಿನ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬರೆದರೆ ಆ ಜಾಗ ಸವೆಯುತ್ತದೆ. ಹತ್ತಿ ಇದ್ದ ಹೊಲದಲ್ಲಿ ಮುಂದಿನ ಸಲ ಕಡಲೆ ಬಿತ್ತುವ ಹಾಗೆ, ಬರೆಯುವ ಜಾಗವನ್ನು ಸರದಿಯಲ್ಲಿ ಬದಲಿಸುವ ಉಪಾಯವೊಂದನ್ನು ಅಣ್ಣ ತಾನೇ ಕಂಡುಕೊಂಡ. ಅವನು ಇದು ನನ್ನದು ಎಂದು ಎದೆಯುಬ್ಬಿಸಿ ಹೇಳಿದ್ದು ಬದುಕಿನಲ್ಲಿ ಅದೊಂದನ್ನೇ.

ಮಾರುವ ಮೊದಲು ಹುಬ್ಬಳ್ಳಿಯ ವಕೀಲರೊಬ್ಬರಿಗೆ ತೋರಿಸಿದೆವು. ಅದೇ ಉಪಾಯಕ್ಕೆ ಬೇರೊಂದು ಕಂಪನಿ ಆಗಲೇ ಪೇಟೆಂಟ್ ಪಡೆದಿದೆ, ಅವರ ಒಪ್ಪಿಗೆ ಇಲ್ಲದೆ ಮಾರುವಂತಿಲ್ಲ ಎಂದರು. ಒಪ್ಪಿಗೆ ಕೇಳಿ ಆ ಕಂಪನಿಗೆ ಬರೆದೆವು. ಆ ಮಹಾಶಯರು ಉತ್ತರ ಕೊಡುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.

ಹೊಲದ ಬದುವಿನ ತಕರಾರು ಬಂದರೆ ನಮ್ಮಲ್ಲಿ ಹಿರಿಯರ ಬಾಯಿಮಾತೇ ಸಾಕ್ಷಿ. ಅಣ್ಣ ಅದನ್ನೇ ನಂಬಿದ. ಊರಿನ ಇಬ್ಬರು ಹಿರಿಯರನ್ನು ಬಸ್ಸು ಹತ್ತಿಸಿ, ಕರೆತಂದು ವಕೀಲರ ಮುಂದೆ ಕೂರಿಸಿದ.

"ನಮ್ಮ ಹುಡುಗ ಕದಿಯಾಂವ ಅಲ್ರಿ. ನಮ್ಮ ಕಣ್ಮುಂದ ಕಟ್ಟಿ ಮ್ಯಾಲ ಕುಂತು ಬರದಾನ," ಎಂದರು ಒಬ್ಬ ಹಿರಿಯರು. ಇನ್ನೊಬ್ಬರು ಹೌದೌದು ಎಂದು ತಲೆಯಾಡಿಸಿದರು.

ವಕೀಲರು ನಗಲಿಲ್ಲ. ಅದಕ್ಕಾಗಿ ಅವರ ಮೇಲೆ ನನಗೆ ಇಂದಿಗೂ ಗೌರವವಿದೆ. "ಕದ್ದಾನಂತ ಯಾರೂ ಅಂದಿಲ್ರಿ ಯಜಮಾನ್ರ. ಆದ್ರ ತಾನ ಕಂಡುಹಿಡದ್ರೂ ಅಷ್ಟ. ಪೇಟೆಂಟ್ ಯಾರ ಕೈಯಾಗ ಐತಿ, ಹಕ್ಕು ಅವರದು," ಎಂದರು.

ಹಿಂದಿರುಗುವಾಗ ಅಣ್ಣ ಬಸ್ಸಿನ ಕಿಟಕಿಯಿಂದ ಮುಖ ತಿರುಗಿಸಲೇ ಇಲ್ಲ. ನನಗೆ ಅಳು ಬಂತು, ಅವನೆದುರು ಅಳಬಾರದೆಂದು ನುಂಗಿಕೊಂಡೆ.

ಕೊನೆಗೆ ಬೇರೆ ರೀತಿಯಲ್ಲಿ ಕೆಲಸ ಮಾಡುವ, ಯಾರು ಬೇಕಾದರೂ ಬಳಸಬಹುದಾದ ಒಂದು ಸಾಫ್ಟ್‌ವೇರ್ ಸಿಕ್ಕಿತು. ವಕೀಲರು ಪರಿಶೀಲಿಸಿ ಅಡ್ಡಿಯಿಲ್ಲ ಎಂದರು. ಅದರ ಪರವಾನಗಿಗೆ ಒಂದೇ ಷರತ್ತು: ಬರೆದವರ ಹೆಸರು ಯಂತ್ರದ ಜೊತೆ ಕೊಡುವ ಕಾಗದದಲ್ಲಿ ಇರಬೇಕು. ಅಣ್ಣ ತನ್ನದನ್ನು ತೆಗೆದು ಅದನ್ನು ಹಾಕಿದ. ಕಾಗದವನ್ನೂ ಅವನೇ ಟೈಪ್ ಮಾಡಿದ. ಎಲ್ಲೋ ದೂರದ ದೇಶದವರ, ನಾಲಿಗೆ ಹೊರಳದ ಹೆಸರುಗಳು. ನೋಡಿ ನನಗೆ ಮೈಯೆಲ್ಲ ಉರಿಯಿತು.

"ನಿನ್ನ ಹೆಸರ ಎಲ್ಲೂ ಇಲ್ಲಲ್ಲೋ ಅಣ್ಣಾ," ಎಂದೆ.

ಅವನು ಕಾಗದವನ್ನು ನನ್ನ ಕೈಗಿಟ್ಟ. "ಅಕ್ಷರ ಎಲ್ಲಿರೆ ತಪ್ಪ್ಯಾವೇನು ನೋಡಬೇ. ಪಾಪ, ಅವರೂ ನಮ್ಮಂಗ ಊಟ ನಿದ್ದಿ ಬಿಟ್ಟು ಬರದಿರ್ತಾರ."

ನಾನು ಒಂದೊಂದೇ ಅಕ್ಷರ ನೋಡಿದೆ. ಒಂದೂ ತಪ್ಪಿರಲಿಲ್ಲ.