ಅವ್ವನ ಮೂಲೆ ಒತ್ತೆಗೆ ಹೋದ ಬಗೆ

ತಾಳಿಕೋಟೆಯಿಂದ ಮುದ್ದೇಬಿಹಾಳಕ್ಕೆ ಹೋಗುವ ರಸ್ತೆಯ ಬದಿ, ಕಲ್ಲುಗಣಿ ಕಂಪನಿಯ ತಗಡಿನ ಕಚೇರಿ. ಅರವತ್ತರ ದಶಕದ ಮೊದಲ ವರ್ಷಗಳಲ್ಲೊಂದು ದೀಪಾವಳಿ ಪಾಡ್ಯ, ಮಧ್ಯಾಹ್ನ. ನಾನು ಬಾಗಿಲ ಒಳಗೆ ಎಡಗಡೆಯ ಗೋಡೆಗೆ ಒರಗಿ ನಿಂತಿದ್ದೆ. ಅಪ್ಪನ ಮುಖ ಅಲ್ಲಿಂದ ನೇರವಾಗಿ ಕಾಣುತ್ತಿತ್ತು.

ಗಣಿ ಇದ್ದದ್ದು ನಮ್ಮ ಹೊಲದಲ್ಲಿ. ಅದನ್ನು ಕಂಪನಿಗೆ ಬಿಟ್ಟುಕೊಟ್ಟು ಅಪ್ಪ ದುಡ್ಡಿನ ಬದಲು ಷೇರು ತೆಗೆದುಕೊಂಡಿದ್ದ. ಒಂದೇ ಮಾತು ಕೇಳಿದ್ದ: ಬನ್ನಿ ಗಿಡದ ಮೂಲೆಯನ್ನು ಅಗೆಯಬಾರದು. ಅಲ್ಲಿ ಅವ್ವನನ್ನು ಮಣ್ಣು ಮಾಡಿದ್ದೆವು. ದೊಡ್ಡ ಪಾಲುದಾರರಾದ ಸಾಹುಕಾರರು ಒಪ್ಪಿದ್ದರು. ಕಾಗದದ ಮೇಲೆ ಯಾರೂ ಬರೆಯಲಿಲ್ಲ.

ಅಂದು ಸಾಹುಕಾರರು ಹೇಳಿದರು: ಸೊಲ್ಲಾಪುರದ ಲೇವಾದೇವಿ ಪೇಢಿಯೊಂದು ಕ್ರೇನಿಗೆ, ಪಂಪಿಗೆ ಸಾಲ ಕೊಡುತ್ತದೆ, ಅದಕ್ಕೆ ಇಡೀ ಹೊಲ ಒತ್ತೆ, ಮೇಲೆ ಹೊಸ ಷೇರುಗಳೂ ಅವರಿಗೆ.

"ಹಂಗಾದ್ರ ನಮ್ಮ ಪಾಲು?" ಎಂದು ಕೇಳಿದವರು ಕಲ್ಲು ಸೀಳುವ ಮುಸ್ಲಿಂ ಮನೆತನದ ಕಾಕಾ. ಅಪ್ಪನಿಗಿಂತ ಬಹಳ ಕಿರಿಯರು, ನಮ್ಮಂತೆಯೇ ಸಣ್ಣ ಪಾಲುದಾರರು.

"ಇದ್ದಷ್ಟ ಇರ್ತೈತಿ. ಕಂಪನಿ ದೊಡ್ಡದಾಗ್ತೈತಿ."

"ನಾಕ ಮಂದಿಗಿ ಮಾಡಿದ ಸಾರಿಗಿ ನಲವತ್ತ ಮಂದಿನ್ನ ಕರದಂಗಾತ್ರಿ. ನಮ್ಮ ಗಂಗಾಳಕ್ಕ ಬರೇ ನೀರ."

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ.

"ಸಾವಕಾರ್ರ, ಆ ಮೂಲಿ?"

"ಮೂಲಿಗೇನಾಗ್ತೈತೋ? ನಾ ಅದೇನಿ."

ಆಮೇಲೆ ಎಲೆ-ಅಡಿಕೆಯ ತಟ್ಟೆ ಬಂತು. ನಮ್ಮ ಕಡೆ ಬೈಠಕ್ಕಿನಲ್ಲಿ ಎಲೆ ತೆಗೆದುಕೊಂಡರೆ ಒಪ್ಪಿದ ಹಾಗೆ. ಮುಂದೆ ಬಾಯಿ ತೆರೆಯುವಂತಿಲ್ಲ. ಕಾಕಾ ಎಲೆ ಮುಟ್ಟದೆ ತಟ್ಟೆಯನ್ನು ಮುಂದಕ್ಕೆ ಸರಿಸಿದರು. ಅಪ್ಪನ ಮುಂದೆ ಅದನ್ನು ಹಿಡಿದವರು ಸ್ವತಃ ಸಾಹುಕಾರರು. ಅವ್ವ ಹೋದ ದಿನ ಕುಣಿಗಿಳಿದು ಮಣ್ಣು ಎತ್ತಿಕೊಟ್ಟವರು. ಹಬ್ಬದ ದಿನ ಅವರ ಕೈಯ ಎಲೆಯನ್ನು ಒಲ್ಲೆ ಎನ್ನಲು ಅಪ್ಪನಿಂದ ಆಗಲಿಲ್ಲ. ತೆಗೆದುಕೊಂಡ. ಮಡಿಚಿ ಬಾಯಿಗಿಟ್ಟುಕೊಂಡ.

ಮರುವರ್ಷದ ಬೇಸಿಗೆಗೆ ಅಗೆತ ಬನ್ನಿಯ ಬುಡಕ್ಕೆ ಬಂತು. ಪೇಢಿಯ ಕರಾರಿನಲ್ಲಿ ಬಿಡುವ ಮೂಲೆ ಎಂಬುದಿರಲಿಲ್ಲ. ಹೆಚ್ಚಿನ ಷೇರುಗಳೂ ಆಗ ಅವರವೇ. ಅಪ್ಪ ಸಾಹುಕಾರರ ಮನೆಗೆ ಹೋದ, ನಾನೂ ಹೋದೆ.

"ಈಗ ಅಲ್ಲಿ ನಂದೂ ನಡ್ಯಂಗಿಲ್ಲೋ ತಮ್ಮಾ," ಎಂದು ಅವರು ಅತ್ತರು. ಅತ್ತದ್ದು ನಿಜ.

"ಮಷೀನ್ ಆಕಿನ್ನ ಮುಟ್ಟೂದು ಬ್ಯಾಡ. ನಾವ ತಗಿಯೂನು," ಎಂದ ಅಪ್ಪ.

ಮರುದಿನ ಬೆಳಿಗ್ಗೆ ಅಪ್ಪ, ಕಾಕಾ, ನಾನು ಅಗೆದೆವು, ಅಕ್ಕನೂ ಬಂದಿದ್ದಳು. ಸಿಕ್ಕದ್ದನ್ನು ಅಪ್ಪ ಬಿಳಿ ಧೋತರದ ಮೇಲೆ ಒಂದೊಂದಾಗಿ ಇಟ್ಟ. ಊರ ಸ್ಮಶಾನದವರೆಗೂ ತಾನೇ ಹೊತ್ತ. ಹೆಗಲು ಕೊಡಲು ಹೋದರೆ ನನ್ನನ್ನು ತಡೆದ.

"ಇರಲಿ ಬಿಡು. ಹಗುರ ಆಗ್ಯಾಳ."

ಇದನ್ನು ಕಂಡವರಲ್ಲಿ ಅಪ್ಪ ಈಗಿಲ್ಲ. ನನ್ನನ್ನು ಬಿಟ್ಟರೆ ಇನ್ನಿಬ್ಬರು ಇದ್ದಾರೆ: ನಮ್ಮೊಡನೆ ಗುದ್ದಲಿ ಹಿಡಿದ ಕಾಕಾ ತಾಳಿಕೋಟೆಯಲ್ಲಿ, ಧೋತರದ ಗಂಟು ಕಟ್ಟಿದ ಅಕ್ಕ ತಾಂಬಾ ಊರಿನಲ್ಲಿ.